ಸೇನಬೋವರಿಂದ ಶಾನುಭೋಗರವರೆಗೆ

ನಮ್ಮ ಮನೆತನದ ಹೆಸರಿನ ಮೂಲವೇನೆಂದು ಬಂಧುಗಳಲ್ಲಿ ಹಲವರು ಕೇಳುತ್ತಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ‘ಸರ್‌ನೇಮ್’ ಎಂಬ ಖಾನೆಯನ್ನು ತುಂಬಬೇಕಾಗಿ ಬಂದ ಮೇಲೆ ಈ ಕುತೂಹಲ ಹೆಚ್ಚಿದೆಯೆಂದು ತೋರುತ್ತದೆ. ಹಳೇ ಮೈಸೂರಿನವರಿಗೆ ಅಡ್ಡಹೆಸರಿನ ರೂಢಿ ಕಡಿಮೆ. ಊರು ಮತ್ತು ತಂದೆಯ ಹೆಸರುಗಳೇ ಇನಿಷಿಯಲ್ಲುಗಳು. ಸರ್ ಎಂ. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯವರಾದರೂ ಅವರ ‘ಎಂ’ ಅಕ್ಷರವು ಪೂರ್ವಜರು ಬಿಟ್ಟುಬಂದ ಆಂಧ್ರದ ಮೋಕ್ಷಗುಂಡವನ್ನು ಸೂಚಿಸುತ್ತದೆ. ನಮ್ಮದು ಹಾಗಲ್ಲ, ವೃತ್ತಿಯಿಂದ ಬಂದ ಹೆಸರು.

ಶಾನುಭೋಗನೆಂದರೆ ಗ್ರಾಮದ ಲೆಕ್ಕ ಬರೆಯುವವನು. ಹಳೆಯ ಶಾಸನಗಳಲ್ಲಿ ಬರೆದವನ ಹೆಸರಿನೊಡನೆ ‘ಸೇನಬೋವ’ ಎಂಬ ಪದ ಹಲವೆಡೆ ಕಾಣುತ್ತದೆ. ಅದೇ ಕಾಲಕ್ರಮದಲ್ಲಿ ಶಾನುಭೋಗವಾಯಿತು. ‘ಶ್ಯಾನೆ ಭೋಗ ಪಡುವವರು ಕಣಯ್ಯಾ ನಾವು’ ಎಂದು ನಮ್ಮ ದೊಡ್ಡಪ್ಪನವರು ನಗುತ್ತಿದ್ದರು. ವ್ಯಾಕರಣ ಒಪ್ಪದಿದ್ದರೂ ಊರಿನ ರೈತರು ಒಪ್ಪುತ್ತಿದ್ದರೇನೋ! ಕರಾವಳಿಯ ಕೊಂಕಣಿ ಮಾತಿನವರಲ್ಲಿಯೂ ಶಾನಭಾಗರಿದ್ದಾರೆ. ಹುದ್ದೆ ಒಂದೇ ಆದ ಮಾತ್ರಕ್ಕೆ ವಂಶ ಒಂದೇ ಆಗದು.

ಶ್ರಾದ್ಧದಲ್ಲಿ ನಾವು ಹೇಳುವುದು ಮೂರು ತಲೆಗಳ ಹೆಸರನ್ನು ಮಾತ್ರ. ಅದರಾಚೆಗಿನ ಹಿರಿಯರು, ಅಂದರೆ ನನ್ನ ಮುತ್ತಜ್ಜನ ತಂದೆ, ನಮಗೆ ದೊರೆತದ್ದು ಒಂದು ಕಡತದಲ್ಲಿ. ಇಂದು ಕಚೇರಿಯ ಫೈಲಿಗೆ ‘ಕಡತ’ ಎನ್ನುತ್ತೇವೆ. ನಿಜವಾದ ಕಡತವು ಬಟ್ಟೆಯದು. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬಿಳಿಯ ಅಕ್ಷರ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು.

ನಮ್ಮ ಕಡತದ ಒಂದು ಮಡಿಕೆಯಲ್ಲಿ, ‘ಧಾತು ಸಂವತ್ಸರ’ ಎಂಬ ತಲೆಬರಹದ ಕೆಳಗೆ, ಮೂರು ಹೊಲಗಳು ರಾಗಿಯ ಬಾಕಿಗಾಗಿ ಆ ಹಿರಿಯರ ವಶಕ್ಕೆ ಬಂದ ವಿವರವಿದೆ. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆಯಾದ್ದರಿಂದ ಇದು 1816ರ ಧಾತುವೋ, 1876ರ ಧಾತುವೋ ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆ ಸಣ್ಣದಲ್ಲ. 1876ರಿಂದ 1878ರವರೆಗಿನದು ಧಾತು-ಈಶ್ವರ ಬರ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಅಂಥ ವರ್ಷದಲ್ಲಿ ರಾಗಿಗೆ ಹೊಲ ಬರೆಸಿಕೊಳ್ಳುವುದೆಂದರೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ದೊಡ್ಡಪ್ಪನವರು ಅದು ಮೊದಲಿನ ಧಾತುವೆಂದೇ ಸಾಧಿಸುತ್ತಿದ್ದರು. ಆದರೆ ಹೊಲಗಳಿಗೆ ಸರ್ವೆ ನಂಬರು ಹಾಕಿದೆ. ಮೈಸೂರಿನಲ್ಲಿ ಸರ್ವೆ ಇಲಾಖೆ ಕೆಲಸ ಆರಂಭಿಸಿದ್ದು 1863ರಲ್ಲಿ. ಹಾಗಾಗಿ 1816 ಸಾಧ್ಯವೇ ಇಲ್ಲ. ಬಳಪದ ಬರಹವನ್ನು ಒಂದು ಒದ್ದೆ ಬಟ್ಟೆಯಿಂದ ಒರೆಸಿಬಿಡಬಹುದಿತ್ತು. ಒರೆಸಲಿಲ್ಲವೇಕೆ? ಲೆಕ್ಕ ಬರೆಯುವವನ ನಿಷ್ಠೆಯೋ, ಹಕ್ಕಿಗೆ ಸಾಕ್ಷಿ ಬೇಕೆಂಬ ಎಚ್ಚರವೋ! ಎರಡನೆಯದೇ ಇರಬೇಕೆಂದು ನನ್ನ ಊಹೆ.

ಈ ಸಂಗತಿಯನ್ನು ಬರೆಯಬಾರದೆಂದು ಇಬ್ಬರು ಬಂಧುಗಳು ಸೂಚಿಸಿದರು. ಅವರ ಮೇಲೆ ನನಗೆ ಗೌರವವಿದೆ. ಆದರೆ ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವನು ಅನ್ಯರ ಮನೆಯ ಇತಿಹಾಸಕ್ಕೆ ಒಂದು ನಿಯಮ, ತನ್ನ ಮನೆಯದಕ್ಕೆ ಇನ್ನೊಂದು ನಿಯಮ ಇಟ್ಟುಕೊಳ್ಳಲಾಗದು.

ವಂಶಪಾರಂಪರ್ಯದ ಗ್ರಾಮಾಧಿಕಾರವು 1963ರಲ್ಲಿ ರದ್ದಾಯಿತು. 1974ರ ಭೂಸುಧಾರಣೆಯಲ್ಲಿ ಆ ಮೂರು ಹೊಲಗಳೂ ಗೇಣಿದಾರರಿಗೆ ಹೋದವು. ಹೊಲ ಕಳೆದುಕೊಂಡವರ ಹೆಸರುಗಳು ಕಡತದಲ್ಲಿ ಸ್ಪಷ್ಟವಾಗಿವೆ. ಅವುಗಳನ್ನು ನಮ್ಮ ವಂಶವೃಕ್ಷದ ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಬಂಧುಗಳ ಮನೆಯ ಅಟ್ಟದಲ್ಲಿ ಇನ್ನಾವುದಾದರೂ ಕಡತವಿದ್ದರೆ ದಯವಿಟ್ಟು ಒದ್ದೆ ಬಟ್ಟೆಯಿಂದ ಧೂಳು ಒರೆಸದೆ ನನಗೆ ತಿಳಿಸಿ.