ಸ್ವಿಚ್ಚಿಗಾಗಿ ಕಾದ ಮೋಟರು

ನಾಲ್ಕು ಪೋಲಿನ ಇಂಡಕ್ಷನ್ ಮೋಟರಿಗೆ 50 ಹರ್ಟ್ಸ್ ಕರೆಂಟ್ ಕೊಟ್ಟರೆ ಅದರೊಳಗಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ರೋಟರ್ ತುಸು ಹಿಂದೆ ಬಿದ್ದು 1440ರ ಆಸುಪಾಸಿನಲ್ಲಿ ಓಡುತ್ತದೆ. ವೇಗವನ್ನು ಸಲೀಸಾಗಿ ಏರಿಳಿಸಬೇಕೆಂದರೆ ಫ್ರೀಕ್ವೆನ್ಸಿಯನ್ನೇ ಏರಿಳಿಸಬೇಕು. 1889ರಲ್ಲಿ ಡೊಲಿವೊ-ದೊಬ್ರೊವೊಲ್‌ಸ್ಕಿ ಮೂರು ಫೇಸಿನ ಸ್ಕ್ವಿರಲ್ ಕೇಜ್ ಮೋಟರ್ ರೂಪಿಸಿದಾಗಲೇ ಈ ಸೂತ್ರ ಅದರ ಹುಟ್ಟುಗುಣದಲ್ಲಿತ್ತು. ಇಲ್ಲದಿದ್ದದ್ದು ಆ ಕೆಲಸ ಮಾಡಬಲ್ಲ ಸ್ವಿಚ್ಚು. ಹೀಗೆ ಫ್ರೀಕ್ವೆನ್ಸಿ ಬದಲಿಸಿ ಮೋಟರಿನ ವೇಗ ಬದಲಿಸುವ ವಿಎಫ್‌ಡಿಯ (ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್) ಚರಿತ್ರೆ ಎಂದರೆ ಹೆಚ್ಚುಕಡಿಮೆ ಆ ಸ್ವಿಚ್ಚಿನ ಹುಡುಕಾಟವೇ.

ಆ ಸ್ವಿಚ್ಚು ಸಿಗುವವರೆಗೆ ವೇಗ ಬದಲಿಸಬೇಕಾದ ಕಡೆಯಲ್ಲೆಲ್ಲ, ಅಂದರೆ ಕಾಗದದ ಗಿರಣಿ, ಉಕ್ಕಿನ ರೋಲಿಂಗ್ ಮಿಲ್ಲು, ಲಿಫ್ಟುಗಳಲ್ಲಿ, ಡಿಸಿ ಮೋಟರಿನದೇ ರಾಜ್ಯಭಾರ. 1891ರ ವಾರ್ಡ್ ಲಿಯೊನಾರ್ಡ್ ಪದ್ಧತಿಯಲ್ಲಿ ಒಂದು ಮೋಟರನ್ನು ಬೇಕಾದಂತೆ ಓಡಿಸಲು ಇನ್ನೊಂದು ಮೋಟರು, ಅದರ ಜೊತೆಗೊಂದು ಜನರೇಟರು ಬೇಕು. ದುಂದಿನ ಏರ್ಪಾಟು, ನಿಜ. ಆದರೆ ವೇಗ ಹೇಳಿದ ಮಾತು ಕೇಳುತ್ತಿತ್ತು. ಬ್ರಷ್ ಸವೆಯುವುದು, ಕಮ್ಯುಟೇಟರಿನಲ್ಲಿ ಕಿಡಿ ಹಾರುವುದು ಇವನ್ನೆಲ್ಲ ಕಾರ್ಖಾನೆಗಳು ಸಹಿಸಿಕೊಂಡವು.

ನಡುವೆ ಪಾದರಸದ ವಾಲ್ವುಗಳ, ಥೈರಟ್ರಾನ್‌ಗಳ ಪ್ರಯೋಗಗಳು ನಡೆದವು. ದಾರಿ ತೆರೆದದ್ದು ಮಾತ್ರ 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಹೊರತಂದ ಥೈರಿಸ್ಟರ್ ಎಂಬ ಅರೆವಾಹಕ ಸ್ವಿಚ್ಚು. ಎಸಿಯನ್ನು ಡಿಸಿ ಮಾಡಿ, ಅದನ್ನು ತುಂಡರಿಸಿ ಬೇಕಾದ ಫ್ರೀಕ್ವೆನ್ಸಿಯ ಎಸಿಯಾಗಿ ಮರಳಿ ಕಟ್ಟುವುದು ಈಗ ಕೈಗೆಟುಕಿತು. 1964ರಲ್ಲಿ ಬ್ರೌನ್ ಬೊವೆರಿ ಕಂಪನಿಯ ಶೋನುಂಗ್ ಮತ್ತು ಸ್ಟೆಮ್ಲರ್, ಸಂಪರ್ಕ ತಂತ್ರಜ್ಞಾನದಲ್ಲಿ ಬಳಕೆಯಲ್ಲಿದ್ದ ಪಲ್ಸ್ ವಿಡ್ತ್ ಮಾಡ್ಯುಲೇಷನ್ನನ್ನು, ಅಂದರೆ ತುಂಡುಗಳ ಅಗಲ ಹಿಗ್ಗಿಸಿ ಕುಗ್ಗಿಸಿ ವೋಲ್ಟೇಜ್ ರೂಪಿಸುವ ವಿಧಾನವನ್ನು, ಮೋಟರಿಗೆ ತಂದರು. 1968ರಲ್ಲಿ ಡೆನ್ಮಾರ್ಕಿನ ಡ್ಯಾನ್‌ಫಾಸ್ ವಿಎಲ್‌ಟಿ ಡ್ರೈವನ್ನು ಮಾರುಕಟ್ಟೆಗೆ ಬಿಟ್ಟಿತು. ಇಂಥ ಡ್ರೈವ್‌ಗಳ ಮೂಲ ನಿಯಮ ಸರಳ: ಫ್ರೀಕ್ವೆನ್ಸಿ ಇಳಿದಂತೆ ವೋಲ್ಟೇಜನ್ನೂ ಇಳಿಸಬೇಕು, ಇಲ್ಲದಿದ್ದರೆ ಮೋಟರಿನ ಕಬ್ಬಿಣದಲ್ಲಿ ಕಾಂತತೆ ಮಿತಿಮೀರಿ ಅದು ಕಾಯುತ್ತದೆ.

ಥೈರಿಸ್ಟರಿನ ತೊಡಕೆಂದರೆ, ಹೊತ್ತಿಸಿದರೆ ಹೊತ್ತಿಕೊಳ್ಳುತ್ತದೆ, ಡಿಸಿಯಲ್ಲಿ ತಾನಾಗಿ ಆರುವುದಿಲ್ಲ. ಆರಿಸುವುದಕ್ಕೇ ಬೇರೆ ಸರ್ಕ್ಯೂಟು ಬೇಕು. ಅಷ್ಟರಲ್ಲಿ ಸಿದ್ಧಾಂತ ಮುಂದೆ ಓಡಿತ್ತು: 1970ರ ದಶಕದ ಆರಂಭದಲ್ಲಿ ಸೀಮೆನ್ಸ್‌ನ ಬ್ಲಾಶ್ಕೆ ವೆಕ್ಟರ್ ಕಂಟ್ರೋಲ್ ಮಂಡಿಸಿ, ಕಾಂತತೆ ಹುಟ್ಟಿಸುವ ಕರೆಂಟನ್ನೂ ತಿರುಗುಬಲ ಕೊಡುವ ಕರೆಂಟನ್ನೂ ಬೇರೆಬೇರೆಯಾಗಿ ಹತೋಟಿಯಲ್ಲಿಡುವುದನ್ನು ತೋರಿಸಿದರು. ಡಿಸಿ ಮೋಟರಿನ ಹಿರಿಮೆ ಮುಗಿದದ್ದು ಇಲ್ಲೇ ಎನ್ನಬೇಕು. ಅದನ್ನು ಜಾರಿಗೆ ತರುವಷ್ಟು ಚುರುಕಾದ ಮೈಕ್ರೊಪ್ರೊಸೆಸರ್ ಮಾತ್ರ ಆಮೇಲೆ ಬಂತು.

ಸ್ವಿಚ್ಚೂ ಆಮೇಲೆಯೇ ಬಂತು, ಅದಕ್ಕೊಂದು ಬೆಂಗಳೂರಿನ ನಂಟಿದೆ. ಜಾಲಹಳ್ಳಿಯಲ್ಲಿ ಬೆಳೆದು, ಮದ್ರಾಸ್ ಐಐಟಿಯಲ್ಲಿ ಓದಿದ ಬಿ. ಜಯಂತ್ ಬಾಳಿಗ 1980ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿ ಐಜಿಬಿಟಿ ಎಂಬ ಅರೆವಾಹಕ ಸ್ವಿಚ್ಚನ್ನು ರೂಪಿಸಿದರು. ಕಂಪನಿಗೆ ಬೇಕಾಗಿದ್ದುದೇ ಹವಾನಿಯಂತ್ರಣ ಯಂತ್ರದ ಮೋಟರಿನ ವೇಗ ಬದಲಿಸುವ ಡ್ರೈವು. ಗೇಟಿಗೆ ಪುಟ್ಟ ವೋಲ್ಟೇಜ್ ಕೊಟ್ಟು ದೊಡ್ಡ ಕರೆಂಟನ್ನು ಹಚ್ಚುವ, ಆರಿಸುವ ಈ ಸ್ವಿಚ್ಚಿನಿಂದ ಕಪಾಟಿನಷ್ಟಿದ್ದ ಡ್ರೈವ್ ಗೋಡೆಗೆ ತೂಗುಹಾಕುವ ಪೆಟ್ಟಿಗೆಯಾಯಿತು. 2024ರ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಬಾಳಿಗರಿಗೆ ಸಂದಿತು.

ವೇಗದ ಸ್ವಿಚ್ಚು ಹೊಸ ಕಾಟವನ್ನೂ ತಂದಿತು. ಕಡಿದಾದ ವೋಲ್ಟೇಜ್ ಏರಿಕೆ ಉದ್ದದ ಕೇಬಲ್ಲಿನ ತುದಿಯಲ್ಲಿ ಇಮ್ಮಡಿಯಾಗಿ ವೈಂಡಿಂಗಿನ ಇನ್ಸುಲೇಷನ್ನನ್ನು ತಿನ್ನುತ್ತದೆ. ಶಾಫ್ಟಿನಿಂದ ಬೇರಿಂಗಿನ ಮೂಲಕ ಹರಿಯುವ ಕರೆಂಟ್ ಅದರ ಮೈಮೇಲೆ ಗೀರುಗಳನ್ನು ಕೊರೆಯುತ್ತದೆ.

ಉಳಿತಾಯದ ಬಗ್ಗೆ ಮಾರಾಟಗಾರರು ಘನ ನಿಯಮ ಹೇಳುತ್ತಾರೆ: ಪಂಪಿನ ವೇಗ ಶೇ. 80ಕ್ಕೆ ಇಳಿದರೆ ಬೇಕಾಗುವ ಶಕ್ತಿ ಅರ್ಧದಷ್ಟು. ಫ್ಯಾನುಗಳಿಗೆ, ನೀರು ಸುತ್ತಿಸುವ ಪಂಪುಗಳಿಗೆ ಈ ಮಾತು ಹೆಚ್ಚುಕಡಿಮೆ ನಿಜ. ಬೋರ್‌ವೆಲ್ಲಿಗೆ ಅಲ್ಲ, ಅಲ್ಲಿ ನೀರನ್ನು ಎತ್ತಲೇಬೇಕಾದ ಎತ್ತರವೊಂದಿದೆ. ಸೌರ ಪಂಪುಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಮುಂಜಾನೆ ಬಿಸಿಲು ಎಳೆಯದಾಗಿದ್ದಾಗ ಕಂಟ್ರೋಲರ್ ಫ್ರೀಕ್ವೆನ್ಸಿಯನ್ನು ತಗ್ಗಿಸಿ ಓಡಿಸುತ್ತದೆ, ಮೋಟರ್ ತಿರುಗುತ್ತಲೇ ಇರುತ್ತದೆ, ಆದರೆ ಬಿಸಿಲೇರಿ ಒತ್ತಡ ಸಾಲುವವರೆಗೆ ಪೈಪಿನ ಬಾಯಲ್ಲಿ ಹನಿ ನೀರೂ ಕಾಣುವುದಿಲ್ಲ.