ಕೇಪಳದ ಹೂರಚನೆ ಮತ್ತು ಮನೆತೋಟದಲ್ಲಿ ಪರಾಗಸ್ಪರ್ಶಕಗಳ ಪೋಷಣೆ

ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಕೇಪಳವು ಕಾಫಿ ಗಿಡದ ಕುಟುಂಬವಾದ ರೂಬಿಯೇಸಿಗೆ ಸೇರಿದ ನಿತ್ಯಹಸುರಿನ ಪೊದೆಯಾಗಿದ್ದು, ದಕ್ಷಿಣ ಭಾರತ ಹಾಗೂ ಶ್ರೀಲಂಕಾ ಇದರ ಮೂಲನೆಲೆಗಳಲ್ಲಿ ಸೇರಿವೆ. ಲಿನೇಯಸ್ 1753ರಲ್ಲಿ ಇದನ್ನು ಇಕ್ಸೋರಾ ಕಾಕ್ಸಿನಿಯಾ ಎಂದು ಹೆಸರಿಸಿದನು. ಈ ಗಿಡದಿಂದ ಪರಾಗಸ್ಪರ್ಶಕಗಳಿಗೆ, ಅಂದರೆ ಹೂವಿನಿಂದ ಹೂವಿಗೆ ಪರಾಗ ಸಾಗಿಸುವ ಜೀವಿಗಳಿಗೆ, ದೊರೆಯುವ ಪ್ರಯೋಜನವು ಅದನ್ನು ನೆಡುವುದರಿಂದಲೇ ಸಿದ್ಧಿಸದೆ, ಹೂವಿನ ರಚನೆಯನ್ನರಿತು ಸವರುವ ಕ್ರಮವನ್ನೂ ಅವಲಂಬಿಸಿರುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

ಕೇಪಳದ ನಾಲ್ಕು ಎಸಳುಗಳ ಕೆಳಗೆ ಸೂಜಿಯಷ್ಟು ಸಪೂರವಾದ ಉದ್ದನೆಯ ದಳನಳಿಗೆಯಿದ್ದು, ಮಕರಂದವು ಅದರ ಬುಡದಲ್ಲಿ ಸಂಗ್ರಹವಾಗುವುದರಿಂದ, ಉದ್ದನೆಯ ಹೀರುನಳಿಗೆಯುಳ್ಳ ಚಿಟ್ಟೆಗಳಿಗೆ ಅದು ಸುಲಭವಾಗಿ ಎಟಕುತ್ತದೆ. ಗಿಡ್ಡ ನಾಲಗೆಯ ಜೇನ್ನೊಣಗಳಿಗೆ ಎಟಕುವುದಿಲ್ಲ. ಮೊಗ್ಗು ಅರಳುವ ಮುನ್ನವೇ ಪರಾಗಕೋಶಗಳು ಬಿರಿದು, ಪರಾಗವು ಅಂಡಾಶಯದಿಂದ ಮೇಲೇಳುವ ಕಡ್ಡಿಯಂಥ ಶಲಾಕೆಯ ತುದಿಯ ಹೊರಮೈಗೆ ಅಂಟಿಕೊಳ್ಳುತ್ತದೆ. ಹೂವು ಅರಳಿದಾಗ ಶಲಾಕೆಯು ಈ ಪರಾಗವನ್ನು ಹೊತ್ತು ಹೊರಚಾಚಿ ಚಿಟ್ಟೆಯ ಮೈಗೆ ತಾಗಿಸುತ್ತದೆ. ಪರಾಗವನ್ನು ಸ್ವೀಕರಿಸುವ ಶಲಾಕಾಗ್ರದ ಎರಡು ಸೀಳುಗಳು ಬಿಚ್ಚಿಕೊಳ್ಳುವುದು ಆಮೇಲಷ್ಟೇ. ವಿದ್ವಾಂಸರು ದ್ವಿತೀಯಕ ಪರಾಗ ಪ್ರದರ್ಶನವೆಂದು ಕರೆಯುವ ಈ ವ್ಯವಸ್ಥೆಯಿಂದ ಒಂದೇ ಹೂವಿನೊಳಗಿನ ಸ್ವಪರಾಗಸ್ಪರ್ಶದ ಸಾಧ್ಯತೆ ಕಡಿಮೆಯಾಗುತ್ತದೆ.

ಹೂಗೊಂಚಲು ಕೊಂಬೆಯ ತುದಿಯಲ್ಲೇ ಮೂಡುವುದರಿಂದ, ಬೇಲಿಯ ಅಂದಕ್ಕಾಗಿ ಗಿಡವನ್ನು ಪದೇ ಪದೇ ಮಟ್ಟಸವಾಗಿ ಕತ್ತರಿಸಿದರೆ ಮೊಗ್ಗುಗಳೇ ನಷ್ಟವಾಗುತ್ತವೆ. ಬದಲಾಗಿ ಹೂಬಿಡುವ ಒಂದು ಸುತ್ತು ಮುಗಿದ ಮೇಲೆ ಕೆಲವೇ ಕೊಂಬೆಗಳನ್ನು ಸರದಿಯಂತೆ ಸವರುವುದು ಯುಕ್ತ. ಚೆನ್ನಾಗಿ ಬಿಸಿಲು ಬೀಳುವ, ನೀರು ಬಸಿದುಹೋಗುವ ಹುಳಿಮಣ್ಣು ಈ ಗಿಡಕ್ಕೆ ಒಗ್ಗುತ್ತದೆ. ಸುಣ್ಣ ಅಥವಾ ಸಿಮೆಂಟಿನ ಅಂಶ ಬೆರೆತು ಮಣ್ಣು ಕ್ಷಾರೀಯವಾದರೆ ಕಬ್ಬಿಣಾಂಶವು ಬೇರಿಗೆ ದಕ್ಕದಂತಾಗಿ, ಎಳೆಯ ಎಲೆಗಳಲ್ಲಿ ನರಗಳು ಮಾತ್ರ ಹಸುರಾಗಿದ್ದು ಉಳಿದ ಭಾಗ ಹಳದಿಗೆ ತಿರುಗುತ್ತದೆ. ಕೊಟ್ಟಿಗೆ ಗೊಬ್ಬರ ಮತ್ತು ಒಣ ಎಲೆಗಳ ಹೊದಿಕೆ ಇಂಥ ಮಣ್ಣನ್ನು ಕ್ರಮೇಣ ಸುಧಾರಿಸಲು ನೆರವಾಗುತ್ತವೆ.

ಮಕರಂದವು ಪ್ರೌಢ ಚಿಟ್ಟೆಯ ಆಹಾರವೇ ಹೊರತು ಮರಿಹುಳುವಿನದಲ್ಲ. ಕರ್ನಾಟಕದ ರಾಜ್ಯಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಈಶ್ವರಿ ಬಳ್ಳಿಯ ಕುಲದ ಸಸ್ಯಗಳನ್ನೂ, ಕಾಮನ್ ಮಾರ್ಮನ್‌ನ ಮರಿಹುಳು ಕರಿಬೇವು ಹಾಗೂ ನಿಂಬೆಯ ಎಲೆಗಳನ್ನೂ ತಿಂದು ಬೆಳೆಯುತ್ತವೆ. ಆದುದರಿಂದ ಕೇಪಳದ ಪಕ್ಕದಲ್ಲಿ ಈ ಆತಿಥೇಯ ಸಸ್ಯಗಳನ್ನೂ ಜೇನ್ನೊಣಗಳಿಗಾಗಿ ತುಂಬೆಯನ್ನೂ ಬೆಳೆಸಿ, ಕರಿಬೇವಿಗೆ ಕೀಟನಾಶಕ ಸಿಂಪಡಿಸದೆ ಎಲೆಗಳ ಒಂದಿಷ್ಟು ನಷ್ಟವನ್ನು ಸಹಿಸಿಕೊಂಡಾಗ ಮಾತ್ರ, ಮನೆತೋಟವು ಚಿಟ್ಟೆಗಳು ಬಂದುಹೋಗುವ ತಾಣವಾಗಿರುವುದರ ಜೊತೆಗೆ ಅವುಗಳ ಸಂತತಿ ಬೆಳೆಯುವ ನೆಲೆಯೂ ಆಗಬಲ್ಲದು.