ಮರದ ಮೀನಿಗೆ ಬಣ್ಣ ಹಚ್ಚಿದ ಕೈಗಳು

ಗಾಳಕ್ಕೆ ಎರೆಹುಳು ಚುಚ್ಚುವುದು ನಮಗೆಲ್ಲ ಗೊತ್ತು. ಹೊಳೆ ದಂಡೆಯವರು ರಾಗಿಮುದ್ದೆಯ ಉಂಡೆಯನ್ನೂ ಸಿಕ್ಕಿಸುತ್ತಾರೆ. ಮೀನು ಬೇಕೆಂದರೆ ಮೀನಿಗೆ ತಿನ್ನಲು ಏನಾದರೂ ಕೊಡಬೇಕು, ಅದು ಲೆಕ್ಕ.

ಆದರೆ ತಿನ್ನಲು ಏನೂ ಇಲ್ಲದ ಎರೆಯೂ ಒಂದಿದೆ. ಬೆರಳುದ್ದದ ಮರದ ತುಂಡು, ಅದಕ್ಕೆ ಬಣ್ಣ, ಎರಡು ಕಣ್ಣು, ಹೊಟ್ಟೆಯಡಿ ಕೊಕ್ಕೆ. ಮುಂದಿನ ತುದಿಯಲ್ಲಿ ಬಟ್ಟಲಿನಂಥ ಗುಳಿ. ದಾರ ಜಗ್ಗಿದರೆ ಆ ಗುಳಿ ನೀರನ್ನು ತಳ್ಳಿ 'ಪಾಪ್' ಎಂದು ಸದ್ದು ಮಾಡುತ್ತದೆ. ಅದಕ್ಕೇ ಅದರ ಹೆಸರು ಪಾಪರ್. ನೀರಿನ ಮೇಲೆ ಕಪ್ಪೆಯೋ ಸಣ್ಣ ಮೀನೋ ಒದ್ದಾಡುತ್ತಿದೆ ಎಂದುಕೊಂಡು ದೊಡ್ಡ ಮೀನು ಕೆಳಗಿನಿಂದ ಎರಗುತ್ತದೆ.

ಇಂಥ ಮರದ ಎರೆಗಳನ್ನು ಮನೆಯಲ್ಲೇ ಕೆತ್ತಿ ಬಣ್ಣ ಹಚ್ಚುವವರು ಇವತ್ತಿಗೂ ಅಮೆರಿಕದಲ್ಲಿ ಬೇಕಾದಷ್ಟಿದ್ದಾರೆ. ಅವರ ಕೈಯ ಉಪಾಯಗಳಿಗೆ ನೂರು ವರ್ಷದ ಹಿನ್ನೆಲೆ ಇದೆ.

ಜೇನು ಸಾಕುತ್ತಿದ್ದವನ ಕಪ್ಪೆ

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಡೊವಾಜಿಯಾಕ್ ಎಂಬ ಸಣ್ಣ ಊರು. ಅಲ್ಲಿ ಜೇಮ್ಸ್ ಹೆಡನ್ ಎಂಬವನಿದ್ದ. ಅವನ ಕಸುಬು ಜೇನು ಸಾಕಣೆ. ಹೊಸ ಬಗೆಯ ಜೇನುಪೆಟ್ಟಿಗೆ ರೂಪಿಸಿ ಹೆಸರು ಮಾಡಿದ್ದ. ಒಂದು ದಿನ ಗಿರಣಿ ಕೆರೆಯ ದಂಡೆಯಲ್ಲಿ ಗೆಳೆಯರಿಗಾಗಿ ಕಾಯುತ್ತ ಕುಳಿತು, ಹೊತ್ತು ಹೋಗಲೆಂದು ಮರದ ಚೂರೊಂದನ್ನು ಕೆತ್ತಿ ನೀರಿಗೆ ಎಸೆದನಂತೆ. ಬಾಸ್ ಮೀನೊಂದು ಅದರ ಮೇಲೆ ಹಾರಿತಂತೆ. ಇದು ಬಾಯಿಂದ ಬಾಯಿಗೆ ಬಂದ ಕತೆ. ಆದರೆ ಅವನು ಕೆತ್ತಿದ ಮರದ ಕಪ್ಪೆಗಳಂತೂ ನಿಜ. ಅವುಗಳಲ್ಲಿ ಬೆರಳೆಣಿಕೆಯಷ್ಟು ಇನ್ನೂ ಉಳಿದಿವೆ.

1902ರಲ್ಲಿ ಹೆಡನ್ ತನ್ನ ಮರದ ಎರೆಗೆ ಪೇಟೆಂಟ್ ಪಡೆದ. ನೀರಿನ ಮೇಲೆ ತೇಲುವ ಆ ಎರೆಗೆ ಬಿಳಿ ಮೈ, ನೀಲಿ ತಲೆ. ಮೀನಿನ ಚಿತ್ರ ಬಿಡಿಸುವ ಗೋಜೇ ಇಲ್ಲ, ಎರಡು ಬಣ್ಣ ಅಷ್ಟೇ. ಅದಕ್ಕೂ ಮೀನು ಬಿತ್ತು. ಮನೆಯವರ ಕೈಕೆಲಸವಾಗಿ ಶುರುವಾದದ್ದು ಮುಂದೆ ದೊಡ್ಡ ಕಾರ್ಖಾನೆಯಾಯಿತು.

ಬಲೆಯಿಂದ ಮೂಡಿದ ಹುರುಪೆ

ಜನಕ್ಕೆ ಎರಡು ಬಣ್ಣ ಸಾಲಲಿಲ್ಲ. ಎರೆ ನಿಜವಾದ ಮೀನಿನಂತೆಯೇ ಕಾಣಬೇಕು ಎನ್ನತೊಡಗಿದರು. ಆದರೆ ಬೆರಳುದ್ದದ ಮರದ ಮೇಲೆ ನೂರಾರು ಹುರುಪೆಗಳನ್ನು ಕುಂಚದಲ್ಲಿ ಬರೆಯುತ್ತ ಕೂತರೆ ದಿನಕ್ಕೆ ಎಷ್ಟು ಮುಗಿದೀತು?

ಇಂಡಿಯಾನಾ ರಾಜ್ಯದ ಗ್ಯಾರೆಟ್ ಎಂಬ ಊರಿನ ಕ್ರೀಕ್ ಚಬ್ ಕಂಪನಿ 1910ರ ದಶಕದಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡಿತು. ಮರದ ಮೈಗೆ ಮೊದಲು ತಿಳಿ ಬಣ್ಣ. ಅದು ಒಣಗಿದ ಮೇಲೆ ಸಣ್ಣ ಕಣ್ಣಿನ ಬಲೆಬಟ್ಟೆಯನ್ನು ಬಿಗಿಯಾಗಿ ಹೊದಿಸುವುದು. ಅದರ ಮೇಲಿಂದ ಬೇರೆ ಬಣ್ಣ ಸಿಂಪಡಿಸುವುದು. ಬಲೆ ತೆಗೆದರೆ ಎಳೆ ಇದ್ದ ಕಡೆ ಕೆಳಗಿನ ಬಣ್ಣ, ಕಣ್ಣು ಇದ್ದ ಕಡೆ ಮೇಲಿನ ಬಣ್ಣ. ಸಾಲುಸಾಲು ಹುರುಪೆ ಸಿದ್ಧ! ಮೀನು ಹಿಡಿಯುವ ಬಲೆಯೇ ಮೀನಿನ ಮೈಯನ್ನೂ ಬರೆದುಕೊಟ್ಟಂತಾಯಿತು.

ಇಂದು ಮನೆಯಲ್ಲಿ ಪಾಪರ್ ಮಾಡುವವರೂ ಇದನ್ನೇ ಮಾಡುತ್ತಾರೆ. ಮರವನ್ನು ಉಪ್ಪುಕಾಗದದಿಂದ ತಿಕ್ಕಿ, ನೀರು ಹೀರದಂತೆ ಒಂದು ಲೇಪ ಕೊಡುತ್ತಾರೆ. ಈ ಲೇಪ ತಪ್ಪಿದರೆ ಮರ ಉಬ್ಬಿ ಬಣ್ಣ ಬಿರಿಯುತ್ತದೆ. ಆಮೇಲೆ ಬಿಳಿ ಬಣ್ಣ, ಅದರ ಮೇಲೆ ಬಲೆ ಹೊದಿಸಿ ಸಿಂಪಡಣೆ. ಮೊಳೆಯ ತಲೆಯನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ಕಣ್ಣು. ಕೊನೆಗೆ ಹೊಳಪಿನ ವಾರ್ನಿಶ್.

ಚಾಕೊಲೇಟ್ ಕಾಗದದ ಹೊಳಪು

ಕೈಯಲ್ಲಿ ಬಣ್ಣವೇ ಇಲ್ಲದವರು ಏನು ಮಾಡಬೇಕು? ಉತ್ತರ ಫಿನ್ಲೆಂಡಿನಲ್ಲಿದೆ. ಲೌರಿ ರಾಪಾಲಾ ಎಂಬ ಬಡ ಮೀನುಗಾರ 1936ರಲ್ಲಿ ಬೆಂಡಿನ ತುಂಡನ್ನು ಚಪ್ಪಲಿ ಕೆಲಸದ ಚಾಕುವಿನಿಂದ ಕೆತ್ತಿ ಎರೆ ಮಾಡಿದ. ಅದು ಪಾಪರ್ ಅಲ್ಲ, ನೀರಿನೊಳಗೆ ಓಲಾಡುವ ಎರೆ. ಮೀನಿನ ಹೊಳಪು ಬರಲೆಂದು ಚಾಕೊಲೇಟ್ ಸುತ್ತಿದ ಬೆಳ್ಳಿ ಕಾಗದ ಅಂಟಿಸಿದ. ವಾರ್ನಿಶ್ ಇರಲಿಲ್ಲ. ಹಳೆಯ ಫೋಟೊ ನೆಗೆಟಿವ್‌ಗಳನ್ನು ಕರಗಿಸಿ ಅದನ್ನೇ ಹಚ್ಚಿದ. 1962ರಲ್ಲಿ ಅಮೆರಿಕದ 'ಲೈಫ್' ಪತ್ರಿಕೆಯಲ್ಲಿ ಆ ಎರೆಯ ಬಗ್ಗೆ ಲೇಖನ ಬಂದಾಗ ಬೇಡಿಕೆ ಪೂರೈಸಲಾಗದಷ್ಟು ಬೆಳೆಯಿತು.

ಬೆನ್ನು ಯಾರಿಗೆ, ಹೊಟ್ಟೆ ಯಾರಿಗೆ?

ಇಷ್ಟೆಲ್ಲ ಬಣ್ಣ ಯಾರಿಗಾಗಿ? ಪಾಪರ್ ತೇಲುತ್ತದೆ, ಮೀನು ಕೆಳಗಿನಿಂದ ನೋಡುತ್ತದೆ. ಅದಕ್ಕೆ ಕಾಣುವುದು ಹೊಟ್ಟೆ. ಹುರುಪೆ, ಪಟ್ಟೆ ಬರೆದ ಬೆನ್ನು ಕಾಣುವುದು ದಂಡೆಯಲ್ಲಿ ನಿಂತವನಿಗೆ. ಎರೆ ಮೊದಲು ಮನುಷ್ಯನನ್ನು ಹಿಡಿಯಬೇಕು, ಆಮೇಲೆ ಮೀನನ್ನು. ಅಂಗಡಿಯ ಗಾಜಿನೊಳಗೆ ಚೆಂದ ಕಾಣದ ಎರೆಯನ್ನು ಕೊಳ್ಳುವವರು ಯಾರು?

ಹೀಗಾಗಿ ಈ ಕಾರ್ಖಾನೆಗಳು ಬದುಕಿದ್ದೇ ಬಣ್ಣದವರಿಂದ. ಬಣ್ಣ ಹಚ್ಚುವ ಮೇಜಿನಲ್ಲಿ ಸುತ್ತಮುತ್ತಲಿನ ಹೆಣ್ಣುಮಕ್ಕಳು ಬಹಳ ಮಂದಿ ಇದ್ದರು. ಒಂದೊಂದು ಎರೆಗೂ ಪದರದ ಮೇಲೆ ಪದರ ಹಚ್ಚಿ, ಒಣಗಿಸಿ, ಮತ್ತೆ ಹಚ್ಚುವ ಕೆಲಸ. ಎರಡನೇ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಎರೆಗಳು ಹೆಚ್ಚಾದವು. ಮರದ ಕೆಲಸ ಕಾರ್ಖಾನೆಯಿಂದ ನಿಧಾನವಾಗಿ ಮನೆಗೆ ಮರಳಿತು.

ಇಂದು ಆ ಹಳೆಯ ಎರೆಗಳನ್ನು ಸಂಗ್ರಹಿಸುವವರು ಸಾವಿರಾರು ಡಾಲರ್ ಕೊಟ್ಟು ಕೊಳ್ಳುವುದೂ ಉಂಟು. ಅವರು ಮೊದಲು ನೋಡುವುದು ಬಣ್ಣವನ್ನೇ. ಬಣ್ಣ ಚಕ್ಕೆ ಎದ್ದಿದ್ದರೆ ಬೆಲೆ ಬಿತ್ತು. ಮೇಲೆ ಮತ್ತೆ ಬಣ್ಣ ಬಳಿದಿದ್ದರಂತೂ ಕೇಳುವವರೇ ಕಡಿಮೆ. ಅಂದರೆ ಬೆಲೆ ಇರುವುದು ಆ ಹೆಣ್ಣುಮಕ್ಕಳ ಕೈಗೆ. ಆದರೆ ಪೆಟ್ಟಿಗೆಯ ಮೇಲಿರುವುದು ಕಂಪನಿಯ ಹೆಸರು. ಕೆತ್ತಿದವನ ಕತೆಯನ್ನು ನೂರು ವರ್ಷದಿಂದ ಹೇಳುತ್ತಲೇ ಇದ್ದಾರೆ. ಬಣ್ಣ ಹಚ್ಚಿದವಳು ಯಾರು ಎಂದು ಎರೆಯನ್ನು ತಿರುಗಿಸಿ ನೋಡಿದರೆ ಎಲ್ಲೂ ಬರೆದಿಲ್ಲ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಬಲೆಯೋ ಬಿದಿರಿನ ಕೂಳಿಯೋ ಇದ್ದರೆ ಇವತ್ತೇ ಇಳಿಸಿ ನೋಡಿ. ಹೆಣೆದವರು ಯಾರು ಎಂದು ಅಜ್ಜಿಯನ್ನು ಕೇಳಿ. ಅವರು ಹೇಳಿದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೇ ಕಟ್ಟಿಡಿ.